ಜಿನೀವಾದಲ್ಲಿ ನಿಶ್ಶಸ್ತ್ರೀಕರಣದ ಇಂಟರ್ನ್‌ಶಿಪ್: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಎಂಜಿನಿಯರಿಂಗ್ ಮುಗಿಸಿ ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ಎಂಎ ಮಾಡುತ್ತಿದ್ದೇನೆ, ಕೃತಕ ಬುದ್ಧಿಮತ್ತೆಯ ಆಯುಧಗಳ ವಿಷಯದಲ್ಲಿ ಆಸಕ್ತಿಯಿದೆ, ಜಿನೀವಾದಲ್ಲಿ ಇಂಟರ್ನ್‌ಶಿಪ್ ಸಿಗುತ್ತದೆಯೇ, ಸಂಬಳ ಉಂಟೇ, ಕಾನೂನು ಓದದಿದ್ದರೆ ನಡೆಯುತ್ತದೆಯೇ, ಮುಂದೆ ಕೆಲಸ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಈ ಊರಿಗೆ ಬಂದ ಹೊಸತರಲ್ಲಿ ನನಗೂ ಇವೇ ಪ್ರಶ್ನೆಗಳಿದ್ದವು, ಹೇಳುವವರಿರಲಿಲ್ಲ. ಮುಖ್ಯವಾದದ್ದನ್ನು ಬಿಡಿಸಿ ಬರೆಯುತ್ತೇನೆ, ಉಳಿದದ್ದನ್ನು ಚುಟುಕಾಗಿ.

ಮೊದಲು ದುಡ್ಡಿನ ಮಾತು. ವಿಶ್ವಸಂಸ್ಥೆಯ ಸಚಿವಾಲಯದ ಇಂಟರ್ನ್‌ಶಿಪ್‌ಗೆ ಸಂಬಳವಿಲ್ಲ. ವಿಮಾನ, ವೀಸಾ, ಬಾಡಿಗೆ, ಆರೋಗ್ಯ ವಿಮೆ ಎಲ್ಲ ನಿಮ್ಮದೇ ಖರ್ಚು. ಇನ್ನೊಬ್ಬರ ಜೊತೆ ಹಂಚಿಕೊಳ್ಳುವ ಮನೆಯಲ್ಲಿ ಒಂದು ಕೋಣೆಗೇ ಸಾವಿರ ಫ್ರಾಂಕ್ ಆಸುಪಾಸು ಬೀಳುತ್ತದೆ. ಎಲ್ಲ ಸೇರಿ ತಿಂಗಳಿಗೆ 1,800ರಿಂದ 2,000 ಫ್ರಾಂಕ್ ಲೆಕ್ಕ ಹಾಕಿಕೊಳ್ಳಿ. ಮನೆ ಮಾಲೀಕರು ಮೂರು ತಿಂಗಳ ಬಾಡಿಗೆಯವರೆಗೂ ಅಡ್ವಾನ್ಸ್ ಕೇಳಬಹುದು, ಕಾನೂನಿನಲ್ಲೇ ಅದಕ್ಕೆ ಅವಕಾಶವಿದೆ. ಕೋಣೆ ನೋಡುವ ಮುಂಚೆ ಮಾತ್ರ ಯಾರಿಗೂ ಒಂದು ಫ್ರಾಂಕೂ ಕಳಿಸಬೇಡಿ. ಗಡಿಯಾಚೆ ಫ್ರಾನ್ಸಿನ ಅನ್‌ಮಾಸ್‌ನಲ್ಲಿ ಬಾಡಿಗೆ ಕಡಿಮೆ, 2019ರ ಡಿಸೆಂಬರಿನಿಂದ ಅಲ್ಲಿಂದ ನೇರ ಲೋಕಲ್ ರೈಲೂ ಇದೆ. ಆದರೆ ದೀರ್ಘಾವಧಿಯ ಸ್ವಿಸ್ ವೀಸಾ ಇದೆಯೆಂದು ಫ್ರಾನ್ಸಿನಲ್ಲಿ ಮನೆ ಮಾಡಲು ಬರುವುದಿಲ್ಲ. ಅಗ್ಗದ ಬಾಡಿಗೆಗೆ ಮನಸೋತು ಅಲ್ಲಿ ಮನೆ ಹಿಡಿದವರು ಆಮೇಲೆ ಕಾಗದಪತ್ರಕ್ಕೆ ಪರದಾಡುತ್ತಾರೆ.

ಅರ್ಹತೆ ಸರಳ. ಪದವಿಯ ಕೊನೆಯ ವರ್ಷದಲ್ಲಿರಬೇಕು, ಸ್ನಾತಕೋತ್ತರ ಅಥವಾ ಪಿಎಚ್‌ಡಿ ಮಾಡುತ್ತಿರಬೇಕು, ಇಲ್ಲವೇ ಪದವಿ ಪಡೆದು ಒಂದು ವರ್ಷದೊಳಗೆ ಇಂಟರ್ನ್‌ಶಿಪ್ ಶುರುವಾಗಬೇಕು. ಅವಧಿ ಎರಡರಿಂದ ಆರು ತಿಂಗಳು. ಅರ್ಜಿ ಪತ್ರದಲ್ಲಿ ಅವರು ಇಂತಿಂಥದ್ದು ಇರಬೇಕು ಎಂದು ಪಟ್ಟಿಯನ್ನೇ ಕೊಡುತ್ತಾರೆ: ಪದವಿಯ ಹೆಸರು, ಮುಗಿಯುವ ದಿನಾಂಕ, ಗೊತ್ತಿರುವ ಸಾಫ್ಟ್‌ವೇರ್‌ಗಳು, ಆಸಕ್ತಿಯ ಮೂರು ಕ್ಷೇತ್ರಗಳು, ನಿಮ್ಮನ್ನೇ ಏಕೆ ಆರಿಸಬೇಕು. ವಿಶ್ವಶಾಂತಿಯ ಬಗ್ಗೆ ಸೊಗಸಾಗಿ ಬರೆದು ಇದರಲ್ಲಿ ಎರಡನ್ನು ಮರೆತ ಅರ್ಜಿಗಳು ಬಹಳ.

ಎಲ್ಲಿಗೆ ಹಾಕಬೇಕು? ನಿಶ್ಶಸ್ತ್ರೀಕರಣ ವ್ಯವಹಾರಗಳ ಕಚೇರಿ, ಅಂದರೆ ಯುಎನ್‌ಓಡಿಎ, ನ್ಯೂಯಾರ್ಕ್‌ನಲ್ಲಿದೆ; ಅದರ ಶಾಖೆ ಜಿನೀವಾದಲ್ಲಿದೆ. 1980ರಲ್ಲಿ ಹುಟ್ಟಿದ ಸಂಶೋಧನಾ ಸಂಸ್ಥೆ ಯುನಿಡಿರ್ ಜಿನೀವಾದ್ದೇ, ಹೊಸ ತಂತ್ರಜ್ಞಾನದ ಆಸಕ್ತಿಯಿದ್ದವರಿಗೆ ಹೇಳಿಮಾಡಿಸಿದ ಜಾಗ. ರಾಸಾಯನಿಕ ಅಸ್ತ್ರಗಳಾದರೆ ಅವುಗಳ ನಿಷೇಧ ನೋಡಿಕೊಳ್ಳುವ ಹೇಗ್‌ನ ಸಂಸ್ಥೆ ಓಪಿಸಿಡಬ್ಲ್ಯು. ಅಣು ವಿಷಯವಾದರೆ ವಿಯೆನ್ನಾದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ, ಅಂದರೆ ಐಎಇಎ ನೋಡಿ, ಅಲ್ಲಿ ಇಂಟರ್ನ್‌ಗಳಿಗೆ ಭತ್ಯೆಯುಂಟು. ವಿಶ್ವಸಂಸ್ಥೆಯ ನಿಶ್ಶಸ್ತ್ರೀಕರಣ ಫೆಲೋಶಿಪ್ ಎಂಬ ಹೆಸರು ನೋಡಿ ಅರ್ಜಿ ಹಾಕಲು ಹೊರಡಬೇಡಿ. ಅದು ಸರ್ಕಾರಗಳು ಕಳಿಸುವ ಎಳೆಯ ರಾಜತಾಂತ್ರಿಕರಿಗೆ ಮೀಸಲು, ವಿದ್ಯಾರ್ಥಿಗಳಿಗಲ್ಲ.

ಯಾವ ತಿಂಗಳು ಬರುತ್ತೀರಿ ಎಂಬುದರ ಮೇಲೆ ನೀವು ಕಲಿಯುವುದರ ಅರ್ಧ ನಿಂತಿದೆ. ಸ್ವಾಯತ್ತ ಮಾರಕಾಸ್ತ್ರಗಳ, ಅಂದರೆ ಮನುಷ್ಯರ ಕೈಯಿಲ್ಲದೆ ತಾವೇ ಗುರಿ ಆರಿಸಿ ಹೊಡೆಯುವ ಆಯುಧಗಳ ಕುರಿತ ಸರ್ಕಾರಿ ತಜ್ಞರ ಗುಂಪು 2024 ಮತ್ತು 2025ರಲ್ಲಿ ಮಾರ್ಚ್ ಮೊದಲ ವಾರ ಒಮ್ಮೆ, ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಮೊದಲಲ್ಲಿ ಇನ್ನೊಮ್ಮೆ ಸೇರಿತು. 65 ಸದಸ್ಯ ದೇಶಗಳ ನಿಶ್ಶಸ್ತ್ರೀಕರಣ ಸಮ್ಮೇಳನ ವರ್ಷದಲ್ಲಿ ಮೂರು ಕಂತುಗಳಲ್ಲಿ, ಒಟ್ಟು 24 ವಾರ ನಡೆಯುತ್ತದೆ. ಅಕ್ಟೋಬರಿನಲ್ಲಿ ಎಲ್ಲರ ಗಮನ ನ್ಯೂಯಾರ್ಕ್‌ನಲ್ಲಿ ಸೇರುವ ಪ್ರಥಮ ಸಮಿತಿಯ ಕಡೆ, ಅದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ನಿಶ್ಶಸ್ತ್ರೀಕರಣ ನೋಡುವ ಸಮಿತಿ. ಹಾಗಾಗಿ ಫೆಬ್ರವರಿಯಲ್ಲೋ ಜುಲೈ ಕೊನೆಯಲ್ಲೋ ಬಂದು ಸೇರಿಕೊಳ್ಳಿ. ಸಭೆಗೆ ಮುಂಚಿನ ಮೂರು ವಾರದ ತಯಾರಿ ನೋಡದವರಿಗೆ ಸಭೆ ಅರ್ಥವಾಗುವುದಿಲ್ಲ.

ಇನ್ನು ಕೆಲಸ. ಇಂಟರ್ನ್‌ನಿಂದ ನಿರೀಕ್ಷಿಸುವುದು ಮುಖ್ಯವಾಗಿ ಒಂದೇ: ಸಭೆಯಲ್ಲಿ ಕೂತು ನೆಚ್ಚಿಕೊಳ್ಳಬಹುದಾದ ಟಿಪ್ಪಣಿ ಬರೆಯುವುದು. ಸರ್ಕಾರಿ ತಜ್ಞರ ಗುಂಪಿನಲ್ಲಿ ಎಲ್ಲವೂ ಸರ್ವಾನುಮತದಿಂದ ಆಗಬೇಕು. ಚರ್ಚೆಯಲ್ಲಿರುವ ಕರಡಿನ ಒಂದು ಪ್ಯಾರಾಕ್ಕೆ ಒಂದು ದೇಶ ತಕರಾರು ತೆಗೆದರೆ ಆ ಪ್ಯಾರಾ ಅಲ್ಲೇ ನಿಲ್ಲುತ್ತದೆ. ಯಾರು ಎಲ್ಲಿ ತಡೆದರು ಎಂದು ಆ ಸಂಜೆ ನಿಮ್ಮ ಮೇಲಿನವರು ನೋಡುವುದು ನಿಮ್ಮ ಟಿಪ್ಪಣಿಯಲ್ಲೇ.

ಸಭೆ ಬೆಳಿಗ್ಗೆ 10ರಿಂದ 1, ಮಧ್ಯಾಹ್ನ 3ರಿಂದ 6. ಹಿಂದಿನ ರಾತ್ರಿಯೇ ಕೋಷ್ಟಕ ಹಾಕಿಟ್ಟುಕೊಳ್ಳಿ: ದೇಶ, ತನ್ನ ಪರವಾಗಿ ಮಾತಾಡಿತೋ ದೇಶಗಳ ಕೂಟವೊಂದರ ಪರವಾಗಿಯೋ, ಯಾವ ಪ್ಯಾರಾ, ಏನು ಹೇಳಿತು, ಯಾವ ಬದಲಾವಣೆ ಕೇಳಿತು. ಕರಡಿನ ದಿನಾಂಕವನ್ನು ಮೇಲ್ಗಡೆ ಬರೆಯಲೇಬೇಕು. ಕರಡು ಮತ್ತೆ ಮತ್ತೆ ಬದಲಾಗುತ್ತದೆ, ಪ್ಯಾರಾ ಸಂಖ್ಯೆಗಳೂ ಕದಲುತ್ತವೆ. ಯಾವ ಕರಡಿನ ಮೇಲಿನ ಮಾತು ಎಂದು ಗೊತ್ತಾಗದ ಟಿಪ್ಪಣಿ ಕಸದ ಬುಟ್ಟಿಗೇ. ಬೆಂಬಲಿಸುತ್ತೇವೆ, ಒಪ್ಪಿಕೊಳ್ಳಬಲ್ಲೆವು, ಹಿಂಜರಿಕೆಯಿದೆ, ವಿರೋಧಿಸುತ್ತೇವೆ, ರಾಜಧಾನಿಯ ಸೂಚನೆಗೆ ಕಾಯುತ್ತಿದ್ದೇವೆ: ಇವು ಐದು ಬೇರೆಬೇರೆ ನಿಲುವುಗಳು. ಹಿಂಜರಿಕೆಯನ್ನು ವಿರೋಧ ಎಂದು ಬರೆದರೆ ಒಬ್ಬ ರಾಯಭಾರಿಗೆ ತಪ್ಪು ಮಾಹಿತಿ ಹೋಗುತ್ತದೆ. ಸುಮ್ಮನಿದ್ದ ದೇಶದ ಮುಂದೆ ಒಪ್ಪಿತು ಎಂದು ಬರೆಯಬೇಡಿ, ಮಾತಾಡಲಿಲ್ಲ ಎಂದಷ್ಟೇ ಬರೆಯಿರಿ. ಹೆಡ್‌ಫೋನಿನಲ್ಲಿ ಅನುವಾದ ಕೇಳಿ ಬರೆದದ್ದಕ್ಕೆ ಒಂದು ಗುರುತು ಹಾಕಿ, ಆ ಪದಗಳು ದುಭಾಷಿಯವು. ಭಾಷಣದ ಲಿಖಿತ ಪ್ರತಿ ಸಿಕ್ಕರೆ ತಾಳೆ ನೋಡಿ. ನಿಮ್ಮ ಅಭಿಪ್ರಾಯ ಕೊನೆಯಲ್ಲಿ ಬೇರೆಯಾಗಿ ಮೂರೇ ಸಾಲು. ಅದೇ ರಾತ್ರಿ ಕಳಿಸಿ, ಮರುದಿನಕ್ಕೆ ಅದು ಹಳಸು.

ಇನ್ನೊಂದನ್ನು ಖಡಾಖಂಡಿತವಾಗಿ ಹೇಳುತ್ತೇನೆ. ವಿಚಾರಗೋಷ್ಠಿಗಳಲ್ಲಿ ಚ್ಯಾಟಮ್ ಹೌಸ್ ನಿಯಮ ಎಂದರೆ ಕೇಳಿದ ವಿಷಯ ಬಳಸಬಹುದು, ಹೇಳಿದವರು ಯಾರು, ಯಾವ ದೇಶದವರು ಎಂಬುದನ್ನು ಹೊರಗೆ ಬಿಡುವಂತಿಲ್ಲ. ಸಂಭ್ರಮಕ್ಕೆ ಹಾಕಿದ ಒಂದು ಫೋಟೊದಲ್ಲಿ ಹೆಸರಿನ ಫಲಕ ಕಂಡರೂ ಸಾಕು, ಮುಂದೆ ನಿಮ್ಮೆದುರು ಯಾರೂ ಬಾಯಿ ಬಿಡುವುದಿಲ್ಲ.

ಕಾನೂನು ಪದವಿ ಬೇಕಿಲ್ಲ, ಆದರೆ ಈ ತಜ್ಞರ ಗುಂಪು ಯಾವುದರಡಿ ಸೇರುತ್ತದೋ ಆ 1980ರ ನಿರ್ದಿಷ್ಟ ಸಾಂಪ್ರದಾಯಿಕ ಆಯುಧಗಳ ಒಪ್ಪಂದವನ್ನೂ ಅದರ ಐದು ಪ್ರೋಟೋಕಾಲ್‌ಗಳನ್ನೂ, ಅಂದರೆ ಪೂರಕ ಒಪ್ಪಂದಗಳನ್ನೂ ಓದಿರಬೇಕು. ಕಣ್ಣು ಕುರುಡಾಗಿಸುವ ಲೇಸರ್‌ಗಳನ್ನು 1995ರಲ್ಲೇ ನಿಷೇಧಿಸಿದ ನಾಲ್ಕನೆಯದನ್ನು ಎರಡು ಸಲ ಓದಿ, ಅವು ರಣರಂಗದಲ್ಲಿ ಹರಡುವ ಮೊದಲೇ ತಡೆದ ನಿದರ್ಶನ ಅದು. ಎಂಜಿನಿಯರಿಂಗನ್ನು ಬಚ್ಚಿಡಬೇಡಿ. ನಮ್ಮ ಕಡೆಯಿಂದ ಬರುವವರು ಇಲ್ಲಿ ಕಾಲಿಟ್ಟ ಕೂಡಲೇ ಅದನ್ನು ಮೂಲೆಗಿಟ್ಟು ನೀತಿಯ ಭಾಷೆಯಲ್ಲೇ ಮಾತಾಡತೊಡಗುತ್ತಾರೆ, ನನಗೆ ಇದು ತುಂಬ ನೋವಿನ ವಿಷಯ. ತರಬೇತಿಯ ದತ್ತಾಂಶಕ್ಕೂ ರಣರಂಗಕ್ಕೂ ಹೊಂದಿಕೆಯಾಗದಿದ್ದರೆ ಗುರಿ ಗುರುತಿಸುವ ವ್ಯವಸ್ಥೆ ಹೇಗೆ ಎಡವುತ್ತದೆ ಎಂದು ಬಿಡಿಸಿ ಹೇಳಬಲ್ಲವರು ಆ ಕೋಣೆಯಲ್ಲಿ ಬೆರಳೆಣಿಕೆಯಷ್ಟು.

2017ರಲ್ಲಿ ಈ ತಜ್ಞರ ಗುಂಪು ಮೊದಲ ಬಾರಿ ಸೇರಿದಾಗ ಅಧ್ಯಕ್ಷ ಸ್ಥಾನದಲ್ಲಿ ಕೂತದ್ದು ನಮ್ಮ ರಾಯಭಾರಿ ಅಮನ್‌ದೀಪ್ ಸಿಂಗ್ ಗಿಲ್. ಅದು ಹೆಮ್ಮೆಯ ಮಾತೇ. 2023ರಲ್ಲಿ ಇದೇ ವಿಷಯದ ಮಹಾಸಭೆಯ ನಿರ್ಣಯಕ್ಕೆ ಭಾರತ ವಿರುದ್ಧವಾಗಿ ಮತ ಹಾಕಿತು. ಏಕೆ ಎಂದು ನಿಮ್ಮನ್ನು ಕೇಳಿಯೇ ಕೇಳುತ್ತಾರೆ. ಭಾರತ ಕೊಟ್ಟ ವಿವರಣೆ ಇಂತಿದೆ ಎಂದು ಹೇಳಿ ಅಲ್ಲಿಗೇ ನಿಲ್ಲಿಸಿ. ಸಮರ್ಥಿಸುವುದೂ ಟೀಕಿಸುವುದೂ ಆಗ ನಿಮ್ಮ ಕೆಲಸವಲ್ಲ.

ಮುಂದಿನ ಕೆಲಸದ ಭರವಸೆ ಯಾರೂ ಕೊಡುವುದಿಲ್ಲ, ನಿಯಮದಲ್ಲೂ ಇಲ್ಲ. ಸಂಬಳವಿಲ್ಲದ ಆರು ತಿಂಗಳನ್ನು ತಾಳಿಕೊಳ್ಳಬಲ್ಲ ಮನೆಯ ಮಕ್ಕಳೇ ಆ ಕುರ್ಚಿಗಳಲ್ಲಿ ಹೆಚ್ಚು ಕಾಣುತ್ತಾರೆ ಎಂಬ ಕೊರಗು ನನ್ನನ್ನು ಇಷ್ಟು ವರ್ಷವಾದರೂ ಬಿಟ್ಟಿಲ್ಲ. ಸಾಲ ಮಾಡಿ ಬರಬೇಡಿ. ನಿಮ್ಮ ವಿಶ್ವವಿದ್ಯಾಲಯದಲ್ಲಿ ಪ್ರಯಾಣ ಧನಸಹಾಯ ಇದೆಯೇ ವಿಚಾರಿಸಿ, ಇಲ್ಲದಿದ್ದರೆ ಭತ್ಯೆ ಕೊಡುವ ಸಂಸ್ಥೆಗಳಿಗೇ ಮೊದಲು ಹಾಕಿ.

ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ವಿಶ್ವಸಂಸ್ಥೆಯ ವೆಬ್ ಟಿವಿಯಲ್ಲಿ ಈ ಗುಂಪಿನ ಬಹಿರಂಗ ಸಭೆಗಳ ರೆಕಾರ್ಡಿಂಗ್ ಸಿಗುತ್ತದೆ. ಒಂದು ಬೆಳಗಿನ ಮೂರು ಗಂಟೆಯನ್ನು ನಿಲ್ಲಿಸದೆ ಕೇಳಿ, ಮೇಲೆ ಹೇಳಿದ ಕೋಷ್ಟಕ ತುಂಬಿಸಿ, ಆಮೇಲೆ ಎರಡು ಪುಟಕ್ಕೆ ಇಳಿಸಿ. ಬರವಣಿಗೆಯ ಮಾದರಿ ಕೇಳಿದ ಕಡೆ ಅದನ್ನೇ ಕಳಿಸಿ.