ಪುಣೆಯಲ್ಲಿ ಕೂತು ಬೇರೆ ಊರಿನ ಫೋನ್ ಫ್ಲಾಶ್ ಮಾಡಲು (ಒಳಗಿನ ಸಾಫ್ಟ್‌ವೇರ್ ಹೊಸದಾಗಿ ಬರೆಯಲು) ಯುಎಸ್‌ಬಿ ರೀಡೈರೆಕ್ಟರ್ ಒಳ್ಳೆಯದಾ, ವರ್ಚುವಲ್‌ಹಿಯರ್ ಒಳ್ಳೆಯದಾ?

ಯಾವುದನ್ನಾದರೂ ತಗೊಳ್ಳಿ. ಎರಡೂ ಮಾಡುವುದು ಒಂದೇ ಕೆಲಸ: ಅಲ್ಲಿ ಗಿರಾಕಿಯ ಕಂಪ್ಯೂಟರಿಗೆ ಹಾಕಿದ ಫೋನ್ ಇಲ್ಲಿ ನಿಮ್ಮ ಕಂಪ್ಯೂಟರಿಗೇ ಹಾಕಿದಂತೆ ಕಾಣುತ್ತದೆ. ನನ್ನ ದುಡ್ಡು ಹೋಗಿದ್ದು ಸಾಫ್ಟ್‌ವೇರ್‌ನಿಂದ ಅಲ್ಲ.

ನನ್ನ ಅಂಗಡಿ ಬುಧವಾರ ಪೇಠೆಯಲ್ಲಿ. ಗೋವಾದ ವಾಸ್ಕೋದಲ್ಲಿ ನಮ್ಮ ವಿಜಯಪುರ ಕಡೆಯ ಹುಡುಗನೊಬ್ಬ ರಿಪೇರಿ ಮಾಡುತ್ತಾನೆ. "ಅಣ್ಣಾ, ಮೀಡಿಯಾಟೆಕ್ ಚಿಪ್ಪಿನ ಸೆಟ್ಟು, ಲೋಗೋದಲ್ಲೇ ನಿಂತಿದೆ, ನೀವೇ ಫ್ಲಾಶ್ ಮಾಡಿಕೊಡಿ" ಅಂದ. ಮೊದಲು ಕನೆಕ್ಟೇ ಆಗಲಿಲ್ಲ. ಸ್ವಿಚ್ ಆಫ್ ಆದ ಮೀಡಿಯಾಟೆಕ್ ಫೋನಿಗೆ ಕೇಬಲ್ ಹಾಕಿದರೆ ಪ್ರೀಲೋಡರ್ ಪೋರ್ಟ್, ಅಂದರೆ ಫ್ಲಾಶ್ ಮಾಡಲು ಒಳಗೆ ಹೋಗುವ ದಾರಿ, ಕೆಲವೇ ಸೆಕೆಂಡ್ ಇರುತ್ತದೆ. ಲಿಸ್ಟ್‌ನಲ್ಲಿ ನೋಡಿ ಕ್ಲಿಕ್ ಮಾಡುವಷ್ಟರಲ್ಲಿ ಮಾಯ. "ಈಗ ಹಾಕು." "ಹಾಕಿದೆ ಅಣ್ಣಾ." "ಹೋಯ್ತು, ತೆಗಿ." ಆಟೋ ಕನೆಕ್ಟ್ ಆನ್ ಮಾಡಿದ ಮೇಲೆ ಸರಿಹೋಯಿತು.

ಆಮೇಲೆ ಮೀಡಿಯಾಟೆಕ್ ಫೋನ್ ಫ್ಲಾಶ್ ಮಾಡುವ ಎಸ್‌ಪಿ ಫ್ಲಾಶ್ ಟೂಲ್‌ನಲ್ಲಿ 'ಡೌನ್‌ಲೋಡ್ ಓನ್ಲಿ' (ಬರೆಯುವುದು ಮಾತ್ರ) ಬಿಟ್ಟು 'ಫಾರ್ಮ್ಯಾಟ್ ಆಲ್ ಪ್ಲಸ್ ಡೌನ್‌ಲೋಡ್' (ಎಲ್ಲ ಅಳಿಸಿ ಬರೆಯುವುದು) ಒತ್ತಿದೆ. ಎಲ್ಲಾ ಕ್ಲೀನ್ ಆಗಲಿ ಅಂತ. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಬೇಜಾರಾಗಬೇಡಿ. ಅಳಿಸುವುದಕ್ಕೆ ಒಂದು ಸಣ್ಣ ಕಮಾಂಡ್ ಸಾಕು. ಎಷ್ಟೇ ಕೆಟ್ಟ ಲೈನ್ ಇದ್ದರೂ ಅದು ಕ್ಷಣದಲ್ಲಿ ಹೋಗಿ ಮುಟ್ಟುತ್ತದೆ. ಬರೆಯುವುದಕ್ಕೆ ಮಾತ್ರ ಜಿಬಿಗಟ್ಟಲೆ ಫೈಲ್ ನನ್ನ ಅಪ್‌ಲೋಡ್‌ನಿಂದ ಹೊರಟು ಅವನ ಮೊಬೈಲ್ ಹಾಟ್‌ಸ್ಪಾಟ್ ದಾಟಿ ಹೋಗಬೇಕು. ಯುಎಸ್‌ಬಿ 2.0 ಅಂದರೆ 480 ಎಂಬಿಪಿಎಸ್ ಅನ್ನೋದೆಲ್ಲ ಮೇಜಿನ ಮೇಲಿನ ಕೇಬಲ್‌ಗೆ. ಇಂಟರ್ನೆಟ್‌ನಲ್ಲಿ ಒಂದೊಂದು ತುಂಡಿಗೂ ಅತ್ತಲಿಂದ ಉತ್ತರ ಬರಲಿ ಅಂತ ಕಾಯುತ್ತಾ ಕೂರಬೇಕು. ಅರ್ಧದಲ್ಲಿ ಹಾಟ್‌ಸ್ಪಾಟ್ ಕಟ್ ಆಯಿತು. ಅಳಿಸಿದ್ದು ಪೂರ್ತಿ, ಬರೆದಿದ್ದು ಅರ್ಧ.

ಫೋನ್ ಸತ್ತಿರಲಿಲ್ಲ. ಬೂಟ್ ರೋಮ್ (ಫೋನ್ ಶುರುವಾಗುವ ಮೊದಲ ಕೋಡ್) ಚಿಪ್ಪಿನೊಳಗೇ ಇರುತ್ತದೆ, ಅದು ಅಳಿಯುವುದಿಲ್ಲ. ಫೈಲ್ ಕಳಿಸಿದೆ, ಅವನು ಅಲ್ಲೇ ಫ್ಲಾಶ್ ಮಾಡಿದ, ಆನ್ ಆಯಿತು. ಆದರೆ ಐಎಂಇಐ (ಫೋನಿನ ಗುರುತಿನ ನಂಬರ್) ನಾಪತ್ತೆ, ಸಿಮ್‌ಗೆ ನೆಟ್‌ವರ್ಕ್ ಇಲ್ಲ. ಐಎಂಇಐ, ರೇಡಿಯೋ ಕ್ಯಾಲಿಬ್ರೇಶನ್ (ಸಿಗ್ನಲ್ ಹೊಂದಾಣಿಕೆ) ಎಲ್ಲ ಇರುವುದು ಎನ್‌ವಿರಾಮ್ ಪಾರ್ಟಿಶನ್‌ನಲ್ಲಿ. ಫಾರ್ಮ್ಯಾಟ್ ಆಲ್ ಅದನ್ನೂ ಗುಡಿಸಿತ್ತು. ಕೆಲವೇ ಎಂಬಿ ಅದು! ಮೊದಲು ರೀಡ್‌ಬ್ಯಾಕ್ (ಅದರ ನಕಲು) ತಗೊಂಡಿದ್ದರೆ ಅದೇ ಹಾಟ್‌ಸ್ಪಾಟ್‌ನಲ್ಲೂ ಚಹಾ ಕುಡಿಯುವಷ್ಟರಲ್ಲಿ ಬಂದುಬಿಡುತ್ತಿತ್ತು. "ಡಬ್ಬಿ ಮೇಲಿರೋ ನಂಬರ್ ಬರೆದುಬಿಡು" ಅಂದವರಿದ್ದಾರೆ. ಕಾನೂನಿನ ಪ್ರಕಾರ ತಯಾರಕರನ್ನು ಬಿಟ್ಟು ಬೇರೆಯವರು ಐಎಂಇಐಗೆ ಕೈಹಾಕುವಂತಿಲ್ಲ. ಸರ್ವಿಸ್ ಸೆಂಟರ್‌ನಲ್ಲಿ ಬೋರ್ಡ್ ಹಾಕಿಸಿಕೊಟ್ಟೆ, ನನ್ನ ಜೇಬಿನಿಂದ.

ಅದಕ್ಕೇ ಹೇಳೋದು, ಈ ಸಾಫ್ಟ್‌ವೇರ್‌ನಲ್ಲಿ ಪೂರ್ತಿ ಫ್ಲಾಶ್ ಮಾಡಲೇಬೇಡಿ. ಫರ್ಮ್‌ವೇರ್ ಲಿಂಕ್ ಕಳಿಸಿ, ರಾತ್ರಿ ಅವರೇ ಇಳಿಸಿಕೊಳ್ಳಲಿ. ಟೂಲ್ ಅವರ ಕಂಪ್ಯೂಟರಿನಲ್ಲೇ ಓಡಲಿ, ನೀವು ದೂರದಿಂದಲೇ ಕಂಪ್ಯೂಟರ್ ನಡೆಸುವ ಎನಿಡೆಸ್ಕ್‌ನಲ್ಲಿ ಒಳಗೆ ಹೋಗಿ ಮಾಡಿ. ಲೈನ್ ಹೋದರೆ ನಿಮ್ಮ ಸ್ಕ್ರೀನ್ ಹೋಗುತ್ತದೆ ಅಷ್ಟೇ, ಬರೆಯುವ ಕೆಲಸ ಅಲ್ಲಿ ನಡೆಯುತ್ತಲೇ ಇರುತ್ತದೆ. ನಿಮ್ಮ ಟೂಲ್ ಡಾಂಗಲ್ (ಯುಎಸ್‌ಬಿ ಕೀಲಿ) ಹಾಕಿದರೇ ಓಡುವಂಥದ್ದು, ನಿಮ್ಮಲ್ಲೇ ಓಡಬೇಕು ಅಂತಿದ್ದರೆ ಎನ್‌ವಿರಾಮ್ ರೀಡ್, ಎಫ್‌ಆರ್‌ಪಿ (ರೀಸೆಟ್ ಆದಮೇಲೆ ಬರುವ ಗೂಗಲ್ ಖಾತೆ ಲಾಕ್) ತೆಗೆಯುವಂಥ ಸಣ್ಣ ಕೆಲಸಕ್ಕೆ ಮಾತ್ರ ರೀಡೈರೆಕ್ಟ್ ಮಾಡಿ. ಎರಡೂ ಕಡೆ ವೈಫೈ ಬೇಡ, ರೂಟರ್‌ಗೆ ಲ್ಯಾನ್ ಕೇಬಲ್ ಹಾಕಿ.

ದುಡ್ಡು ಕೊಡುವ ಮೊದಲು ವರ್ಚುವಲ್‌ಹಿಯರ್ ಪುಕ್ಕಟೆ ಹಾಕಿ ನೋಡಿ, ಒಂದು ಡಿವೈಸ್‌ಗೆ ಲೈಸೆನ್ಸ್ ಬೇಡ. ಎಫ್‌ಆರ್‌ಪಿ ಕೆಲಸ ಬಂದರೆ ಬಿಲ್ ಕೇಳಿ, ಐಎಂಇಐಯನ್ನು ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಹಾಕಿ ನೋಡಿ. ಕಣ್ಣಿಗೇ ಬೀಳದ ಫೋನ್, ಯಾರದ್ದೋ ಏನೋ!