ಬಿಗ್ ಐಲ್ಯಾಂಡ್‌ನ ಕಪ್ಪು ಮರಳು: ಒಂದು ಬೀಚ್ ನೋಡಿದರೆ ಸಾಕಾ?

ಡಿಸೆಂಬರ್‌ನಲ್ಲಿ ಮಗಳ ಜೊತೆ ಹವಾಯಿಯ ಬಿಗ್ ಐಲ್ಯಾಂಡ್‌ಗೆ ಹೋಗುತ್ತಿದ್ದೀರಿ. ಕಪ್ಪು ಮರಳಿನ ಬೀಚ್ ನೋಡೋಕೆ ಅರ್ಧ ದಿನ ಇಟ್ಟುಕೊಂಡಿದ್ದೀರಿ. ಯಾವುದಕ್ಕೆ ಹೋಗಲಿ, ನೀರಿಗೆ ಇಳಿಯಬಹುದಾ, ಒಂದು ಹಿಡಿ ಮರಳು ತರಬಹುದಾ ಅಂತ ಕೇಳಿದ್ದೀರಿ. ಕಾರವಾರದ ತಿಳಮಾತಿ ನೋಡಿದವರಿಗೆ ಅಲ್ಲಿ ಹೊಸದೇನಿದೆ ಅನ್ನುವ ಅನುಮಾನವೂ ನಿಮಗಿದೆ.

ಆ ಅನುಮಾನದಿಂದಲೇ ಶುರು ಮಾಡುತ್ತೇನೆ. ತಿಳಮಾತಿಯ ಕಪ್ಪು ಮರಳು ನಿಮ್ಮ ಅಜ್ಜಿಯ ಕಾಲದಲ್ಲೂ ಅಲ್ಲೇ ಇತ್ತು. ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪವೂ ಜ್ವಾಲಾಮುಖಿಯ ಕಲ್ಲೇ. ಆದರೆ ಅದು ಸುಮಾರು 8.8 ಕೋಟಿ ವರ್ಷ ಹಳೆಯದು, ಮಡಗಾಸ್ಕರ್ ನಮಗೆ ಅಂಟಿಕೊಂಡಿದ್ದ ಕಾಲದ್ದು. ಬಿಗ್ ಐಲ್ಯಾಂಡ್ ಕಥೆ ಬೇರೆ. ಅಲ್ಲಿ ನಿಮ್ಮ ಮಗಳ ಡ್ರೈವಿಂಗ್ ಲೈಸೆನ್ಸಿಗಿಂತ ಚಿಕ್ಕ ವಯಸ್ಸಿನ ಬೀಚ್ ಇದೆ. 1990ರಲ್ಲಿ ಸತ್ತ ಬೀಚ್ ಕೂಡ ಇದೆ. ಹಾಗಾಗಿ ಒಂದು ನೋಡಿದರೆ ಸಾಲದು ಅನ್ನೋದು ನನ್ನ ಉತ್ತರ. ಅರ್ಧ ದಿನವನ್ನು ಎರಡು ದಿನ ಮಾಡಿಕೊಳ್ಳಿ.

ಮರಳು ಹೇಗೆ ಆಗುತ್ತದೆ ಅಂತ ತಿಳಿದುಕೊಂಡು ಹೋದರೆ ನೋಡುವ ಖುಷಿ ಜಾಸ್ತಿ. ಸಾವಿರ ಡಿಗ್ರಿಗೂ ಮೇಲೆ ಕಾದ ಲಾವಾ ಸಮುದ್ರಕ್ಕೆ ಬೀಳುತ್ತದೆ. ನೀರು ತಟ್ಟನೆ ಆವಿಯಾಗಿ ಸಿಡಿಯುತ್ತದೆ, ಲಾವಾ ಗಾಜಿನ ಹಾಗೆ ಚೂರುಚೂರಾಗುತ್ತದೆ. ಹಾಗೆ ಅಂದದ್ದು ಬರೀ ಮಾತಿಗಲ್ಲ, ಅದು ನಿಜವಾಗಿಯೂ ಗಾಜೇ. ಹರಳುಗಟ್ಟಲು ಪುರಸೊತ್ತೇ ಸಿಗದೆ ತಣ್ಣಗಾದ ಕಲ್ಲು. ಅಲೆ, ಪ್ರವಾಹ ಅದನ್ನು ಹತ್ತಿರದ ಕೊಲ್ಲಿಗೆ ತಂದು ಗುಡ್ಡೆ ಹಾಕುತ್ತವೆ. ನಮ್ಮ ಕಡೆ ನದಿಗಳು ಸಾವಿರಾರು ವರ್ಷ ಮಾಡುವ ಕೆಲಸ ಇಲ್ಲಿ ಕೆಲವೇ ವಾರಗಳಲ್ಲಿ ಮುಗಿದುಬಿಡಬಹುದು. ಆದರೆ ಲಾವಾ ನಿಂತರೆ ಮರಳಿನ ಸಪ್ಲೈಯೂ ನಿಂತಿತು. ಆಮೇಲೆ ಸಮುದ್ರ ಒಂದೊಂದೇ ಹಿಡಿ ವಾಪಸ್ ತೆಗೆದುಕೊಂಡು ಹೋಗುತ್ತಿರುತ್ತದೆ.

ನಾವು ಅಮೆರಿಕದಲ್ಲೇ ಇರುವವರು. ಊರಿಂದ ಬಂದಿದ್ದ ಅತ್ತೆ ಮಾವನನ್ನು ಕರೆದುಕೊಂಡು ಹೋಗಿದ್ದೆವು. ಆದ್ದರಿಂದ ಮಂಡಿ ನೋವು, ಊಟ, ಟಾಯ್ಲೆಟ್ ಎಲ್ಲ ಲೆಕ್ಕಕ್ಕೆ ಇಟ್ಟುಕೊಂಡೇ ಹೇಳುತ್ತಿದ್ದೇನೆ.

ಮೊದಲ ದಿನ ದ್ವೀಪದ ಪೂರ್ವ ತೀರದ ಹಿಲೋ ಊರಿಂದ ಪಹೋವಾ ದಾಟಿ 130ನೇ ಹೈವೇ ಹಿಡಿದು ಕೆಳಗೆ ಕಲಪನಾಕ್ಕೆ ಹೋಗಿ. ಅಲ್ಲಿ ಕೈಮೂ ಅಂತ ಒಂದು ಬೀಚ್ ಇತ್ತು. ತೆಂಗಿನ ಮರಗಳ ಸಾಲು, ಕಪ್ಪು ಮರಳು. ಹವಾಯಿಯ ಹಳೆಯ ಪೋಸ್ಟ್‌ಕಾರ್ಡ್‌ಗಳಲ್ಲಿ ಕಾಣುವ ಕಪ್ಪು ಬೀಚ್ ಎಷ್ಟೋ ಸಲ ಅದೇ. 1983ರಲ್ಲಿ ಶುರುವಾದ ಕಿಲಾವೆಯಾ ಜ್ವಾಲಾಮುಖಿಯ ಸ್ಫೋಟ 2018ರ ತನಕ ನಡೆಯಿತು. ನಡುವೆ 1990ರಲ್ಲಿ ಲಾವಾ ಈ ಕಡೆ ತಿರುಗಿ ಕಲಪನಾ ಊರನ್ನೂ ಕೈಮೂ ಕೊಲ್ಲಿಯನ್ನೂ ಮುಚ್ಚಿಬಿಟ್ಟಿತು. ನೂರಕ್ಕೂ ಹೆಚ್ಚು ಮನೆ ಹೋದವು. ಬೀಚ್ ಇದ್ದ ಜಾಗದ ಮೇಲೆ ಈಗ ಸುಮಾರು 15 ಮೀಟರ್ ದಪ್ಪ ಕಲ್ಲು. ಊರಿನ ಚರ್ಚ್ ಒಂದನ್ನು ಮಾತ್ರ ಲಾವಾ ಬರುವ ಮುಂಚೆ ಲಾರಿಗೆ ಏರಿಸಿ ಸಾಗಿಸಿದರು. ಒಳಗಿನ ಗೋಡೆ, ಚಾವಣಿಗಳಲ್ಲೆಲ್ಲ ಚಿತ್ರ ಬರೆದಿರುವ ಪುಟ್ಟ ಮರದ ಚರ್ಚ್ ಅದು. ಇವತ್ತೂ 130ನೇ ಹೈವೇ ಪಕ್ಕದಲ್ಲಿದೆ, ಇಳಿದು ನೋಡಿ.

ಕಾರು ನಿಲ್ಲಿಸಿ ಆ ಕಲ್ಲಿನ ಬಯಲಿನ ಮೇಲೆ ನಡೆಯಬೇಕು. ಏರು ಅಷ್ಟಿಲ್ಲ, ಆದರೆ ನೆಲ ಉಬ್ಬು ತಗ್ಗು. ಮೇಲ್ಮೈ ಹಗ್ಗ ಸುತ್ತಿಟ್ಟಂತೆ ಮಡಿಕೆ ಮಡಿಕೆಯಾಗಿದೆ, ಬಿರುಕಿನಲ್ಲಿ ಜರೀಗಿಡ ಎದ್ದಿವೆ. ಊರಿನವರು ಹೊಸ ತೆಂಗಿನ ಸಸಿ ತಂದು ನೆಟ್ಟಿದ್ದಾರೆ, ಮಣ್ಣೇ ಇಲ್ಲದ ಕಲ್ಲಿನಲ್ಲಿ. ಮಾವ ತೋಟ ಮಾಡಿದವರು. ಬೀಚನ್ನು ಬಿಟ್ಟು ಒಂದೊಂದೇ ಸಸಿಯ ಬುಡ ನೋಡುತ್ತಾ ನಿಂತರು. "ಗೊಬ್ಬರ ಎಲ್ಲಿಂದ ಹಾಕ್ತಾರೆ?" ಅನ್ನೋದೇ ಅವರ ಚಿಂತೆ. ತುದಿಯಲ್ಲಿ ಹೊಸದಾಗಿ ಸೇರಿರುವ ಒಂದು ಪಟ್ಟಿ ಕಪ್ಪು ಮರಳಿದೆ. ಅಲೆ ಜೋರು. ಅಲ್ಲಿ ನೀರಿಗೆ ಇಳಿಯುವ ಮಾತೇ ಬೇಡ.

ಅಲ್ಲಿಂದ 137ನೇ ಹೈವೇ ಸಮುದ್ರದ ಪಕ್ಕದಲ್ಲೇ ಹೋಗುತ್ತದೆ. ಮಲೆನಾಡಿನವರಿಗೆ ಊರು ನೆನಪಾಗುವ ರಸ್ತೆ. ಎರಡೂ ಕಡೆಯ ಮರ ಮೇಲೆ ಕೂಡಿಕೊಂಡಿರುತ್ತವೆ, ಮಾವಿನ ಮರಗಳೂ ಸಿಗುತ್ತವೆ. ದಾರಿಯಲ್ಲಿ ಕೆಹೆನಾ ಅಂತ ಇನ್ನೊಂದು ಕಪ್ಪು ಬೀಚ್ ಇದೆ, 1955ರ ಲಾವಾದಿಂದ ಆದದ್ದು. ಗೂಗಲ್ ಮ್ಯಾಪ್ ಅದನ್ನೂ ತೋರಿಸುತ್ತದೆ. ಅಲ್ಲಿ ಜನ ಬಟ್ಟೆ ಇಲ್ಲದೆ ಬಿಸಿಲು ಕಾಯಿಸುವುದು ವಾಡಿಕೆ. ಮಗಳು ಅಳಿಯನ ಜೊತೆ ಹೋಗಿ ಮುಜುಗರ ಆಗುವುದು ಬೇಡ ಅಂತ ಮೊದಲೇ ಹೇಳಿಬಿಟ್ಟೆ!

ಮುಂದೆ ಹೋದರೆ ಪೊಹೊಯ್ಕಿ. ಇದೇ ಆ ಚಿಕ್ಕ ವಯಸ್ಸಿನ ಬೀಚ್. 2018ರ ಮೇ 3ರಂದು ಲೆಯ್ಲಾನಿ ಎಸ್ಟೇಟ್ಸ್ ಅನ್ನುವ ಬಡಾವಣೆಯ ರಸ್ತೆಯಲ್ಲೇ ನೆಲ ಬಿರಿದು ಲಾವಾ ಬಂತು. ಏಳುನೂರಕ್ಕೂ ಹೆಚ್ಚು ಮನೆ ನಾಶವಾದವು. ಹತ್ತಿರದ ಕಪೋಹೊ ಕೊಲ್ಲಿ ಪೂರ್ತಿ ತುಂಬಿಹೋಯಿತು. ಲಾವಾ ಪೊಹೊಯ್ಕಿಯ ದೋಣಿ ಇಳಿಸುವ ಜಾಗಕ್ಕೆ ಸುಮಾರು 70 ಮೀಟರ್ ಬಾಕಿ ಇರುವಾಗ ನಿಂತಿತು. ಆದರೆ ಸಮುದ್ರ ಬಿಡಲಿಲ್ಲ. ಪಕ್ಕದಲ್ಲಿ ಸಿಡಿದ ಲಾವಾದ ಚೂರನ್ನೆಲ್ಲ ತಂದು ದೋಣಿಗಳ ದಾರಿಗೇ ಸುರಿಯಿತು. ದೋಣಿ ಕಟ್ಟುವ ಕಟ್ಟೆಯ ಮುಂದೆ ನೀರಿರಬೇಕಾದ ಕಡೆ ಮರಳು ನಿಂತುಬಿಟ್ಟಿತು. ಮೀನು ಹಿಡಿದು ಬದುಕುವವರಿಗೆ ಇದು ದೊಡ್ಡ ಹೊಡೆತ. ನಮಗೆ ಫೋಟೋ ತೆಗೆಯುವ ಜಾಗ, ಅವರಿಗೆ ವರ್ಷಗಟ್ಟಲೆ ಮುಚ್ಚಿಹೋಗಿದ್ದ ಬಂದರು. ಆ ಊರಿನಲ್ಲಿ ಸೆಲ್ಫಿ ತೆಗೆಯುವಾಗ ಇಷ್ಟು ಗೊತ್ತಿರಲಿ.

ಪೊಹೊಯ್ಕಿಯ ಮರಳನ್ನು ಕೈಗೆ ತೆಗೆದುಕೊಂಡು ನೋಡಿ. ಕೆಲವು ಕಾಳು ಇನ್ನೂ ಮೊನೆ ಮೊನೆ. ಬಿಸಿಲಿಗೆ ಹಿಡಿದರೆ ಒಂದೊಂದು ಮಿಂಚುತ್ತದೆ. ಒದ್ದೆಯಾದಾಗ ಶಾಯಿಯಂಥ ಕಪ್ಪು, ಒಣಗಿದಾಗ ಬೂದಿ ಮಿಶ್ರಿತ ಕಪ್ಪು. ಸಾಣೆ ಹಿಡಿಯುವ ಕೆಲಸ ಅಲೆಗೆ ಇನ್ನೂ ಬೇಕಾದಷ್ಟಿದೆ. ಮಧ್ಯಾಹ್ನ ಬರಿಗಾಲಲ್ಲಿ ನಡೆದರೆ ಸುಡುತ್ತದೆ, ಚಪ್ಪಲಿ ಬಿಡಬೇಡಿ. ಮರಳಿನ ಹಿಂದೆ ಬೆಚ್ಚಗಿನ ನೀರಿನ ಹೊಂಡಗಳಿವೆ, ನೆಲದ ಕೆಳಗಿನ ಶಾಖಕ್ಕೆ ಬೆಚ್ಚಗಾದವು. ಜನ ಕೂತಿರುತ್ತಾರೆ, ಆಸೆಯಾಗುತ್ತದೆ. ನೀರು ಸರಿಯಾಗಿ ಹರಿದುಹೋಗದ ಕಡೆ ಬ್ಯಾಕ್ಟೀರಿಯಾ ಇರುತ್ತದೆ ಅಂತ ಎಚ್ಚರಿಕೆ ಇದೆ. ಕಾಲಿನಲ್ಲಿ ಗಾಯ ಇದ್ದರೆ, ಶುಗರ್ ಇದ್ದರೆ ದೂರದಿಂದ ನೋಡಿದರೆ ಸಾಕು.

ಎರಡನೇ ದಿನ ಪುನಲೂಉ. ಎಲ್ಲ ಟೂರ್ ಬಸ್ಸುಗಳೂ ಹೋಗುವುದು ಇಲ್ಲಿಗೇ. ಹಿಲೋದಿಂದ ವೋಲ್ಕೇನೋಸ್ ನ್ಯಾಷನಲ್ ಪಾರ್ಕ್ ನೋಡಿಕೊಂಡು 11ನೇ ಹೈವೇಯಲ್ಲಿ ಮುಂದುವರಿದರೆ ಪಾರ್ಕಿನಿಂದ ಮುಕ್ಕಾಲು ಗಂಟೆಯೊಳಗೆ ಸಿಗುತ್ತದೆ. ಕಾರು ಬೀಚಿನ ಹತ್ತಿರಕ್ಕೇ ಹೋಗುತ್ತದೆ, ಟಾಯ್ಲೆಟ್ ಇದೆ, ತೆಂಗಿನ ನೆರಳಿದೆ. ಹಿರಿಯರಿಗೆ ಇಷ್ಟು ಸುಲಭವಾದದ್ದು ಬೇರೆ ಇಲ್ಲ. ಮರಳು ಇಲ್ಲಿ ಪೊಹೊಯ್ಕಿಗಿಂತ ಹಳೆಯದು, ಸವೆದು ನುಣುಪಾಗಿದೆ. ಎರಡನ್ನೂ ಮುಟ್ಟಿ ನೋಡಿದವರಿಗೆ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಅದಕ್ಕೇ ಎರಡೂ ನೋಡಿ ಅಂದದ್ದು.

ಇಲ್ಲಿನ ಆಕರ್ಷಣೆ ಆಮೆಗಳು. ಹೋನು ಅಂತ ಕರೆಯುತ್ತಾರೆ, ಹಸಿರು ಕಡಲಾಮೆ. ಮೇಲೆ ಬಂದು ಮರಳಿನಲ್ಲಿ ಬಿಸಿಲು ಕಾಯಿಸಿಕೊಂಡು ಮಲಗಿರುತ್ತವೆ. ಮೊದಲು ಕಲ್ಲು ಅಂದುಕೊಳ್ಳುತ್ತೀರಿ, ಯಾವಾಗಲೋ ಒಂದು ಸಲ ಉಸ್ ಅಂತ ಉಸಿರು ಬಿಡುತ್ತದೆ. ಕಣ್ಣಿನ ಕೆಳಗೆ ನೀರು ಇಳಿದು ಒಣಗಿದ ಗೆರೆ, ಅದಕ್ಕೆ ಅಂಟಿದ ಕಪ್ಪು ಮರಳು. ಅತ್ತೆ "ಕೂರ್ಮಾವತಾರ" ಅಂತ ನಿಂತಲ್ಲೇ ಕೈ ಮುಗಿದರು. ಹತ್ತಿರ ಹೋಗಬೇಕು ಅಂತ ಅವರ ಆಸೆ. ಬಿಡಲಿಲ್ಲ. ಕನಿಷ್ಠ 10 ಅಡಿ ದೂರ ನಿಲ್ಲಬೇಕು ಅನ್ನೋದು ಅಲ್ಲಿನ ಸೂಚನೆ, ಕಾನೂನಿನ ರಕ್ಷಣೆ ಇರುವ ಪ್ರಾಣಿ. ಮುಟ್ಟಿದರೆ ದಂಡ ಬೀಳಬಹುದು.

ಆಮೆ ನೋಡಿ ಎಲ್ಲರೂ ಹೊರಟುಬಿಡುತ್ತಾರೆ, ನೀವು ಇನ್ನೊಂದು ನೋಡಿ. ಅಂಚಿನಲ್ಲಿ ಅಲೆ ಇಲ್ಲದ ಕಡೆ ಪಾದ ಮುಳುಗುವಷ್ಟು ನೀರಿನಲ್ಲಿ ನಿಲ್ಲಿ. ಸಮುದ್ರ ಬೆಚ್ಚಗಿದ್ದರೂ ಕೆಲವು ಕಡೆ ಐಸ್ ನೀರು ಬಿಟ್ಟ ಹಾಗೆ ತಣ್ಣಗೆ ತಾಗುತ್ತದೆ. ಬೆಟ್ಟದ ಮೇಲೆ ಬಿದ್ದ ಮಳೆ ಲಾವಾ ಕಲ್ಲಿನ ಒಳಗೇ ಹರಿದು ಬಂದು ಇಲ್ಲಿ ಸಮುದ್ರದ ತಳದಲ್ಲಿ ಉಕ್ಕುತ್ತದೆ. ಸಿಹಿನೀರು ಉಪ್ಪುನೀರು ಬೆರೆಯುವ ಕಡೆ ನೀರು ಕಣ್ಣಿಗೆ ಮಸುಕಾಗಿ ನಡುಗುತ್ತದೆ. ಹಿಂದಿನ ಕಾಲದ ಜನ ಸೋರೆ ಬುರುಡೆ ಹಿಡಿದು ಮುಳುಗಿ ಈ ಬುಗ್ಗೆಯಿಂದಲೇ ಕುಡಿಯುವ ನೀರು ತರುತ್ತಿದ್ದರಂತೆ. ಅಷ್ಟೇ, ಆಚೆ ಈಜಲು ಹೋಗಬೇಡಿ. ತಳದಲ್ಲಿ ಕಲ್ಲಿದೆ, ಸೆಳೆತ ಜೋರು. ಈಜಲೇಬೇಕು ಅಂದರೆ ದ್ವೀಪದ ಪಶ್ಚಿಮಕ್ಕಿರುವ ಕೋನಾ ಕಡೆಯ ಬಿಳಿ ಮರಳಿನ ಬೀಚ್‌ಗಳಿವೆ. ಅಲ್ಲೂ ಚಳಿಗಾಲದಲ್ಲಿ ದೊಡ್ಡ ಅಲೆ ಬರುತ್ತದೆ, ಬೋರ್ಡು ಓದಿಕೊಂಡು ಇಳಿಯಿರಿ.

ಮರಳು ತರುವ ವಿಷಯಕ್ಕೆ ಬರೋಣ. ತರಬೇಡಿ. ಬೀಚಿನಿಂದ ಮರಳು, ಕಲ್ಲು ಒಯ್ಯುವುದು ಹವಾಯಿಯಲ್ಲಿ ಕಾನೂನು ಪ್ರಕಾರ ತಪ್ಪು. ಕಲ್ಲು ಒಯ್ದವರಿಗೆ ಜ್ವಾಲಾಮುಖಿಯ ದೇವಿ ಪೆಲೆಯ ಶಾಪ ತಟ್ಟುತ್ತದೆ ಅಂತ ಒಂದು ಕಥೆ ಇದೆ. ಹೆದರಿದ ಪ್ರವಾಸಿಗಳು ಕಲ್ಲನ್ನು ಪೋಸ್ಟ್‌ನಲ್ಲಿ ನ್ಯಾಷನಲ್ ಪಾರ್ಕಿಗೆ ವಾಪಸ್ ಕಳಿಸುತ್ತಲೇ ಇರುತ್ತಾರೆ. ಶಾಪದ ಕಥೆ ಅಷ್ಟೇನೂ ಹಳೆಯದಲ್ಲ ಅನ್ನುತ್ತಾರೆ. ನನಗೆ ಶಾಪಕ್ಕಿಂತ ಲೆಕ್ಕವೇ ದೊಡ್ಡ ಕಾರಣ. ಪುನಲೂಉಗೆ ಈಗ ಹೊಸ ಮರಳು ಬರುತ್ತಿಲ್ಲ. ಬಂದವರೆಲ್ಲ ಒಂದೊಂದು ಹಿಡಿ ಒಯ್ದರೆ ಸಮುದ್ರದ ಕೆಲಸ ನಾವೇ ಮಾಡಿಕೊಟ್ಟ ಹಾಗೆ ಅಲ್ವಾ?

ಹಾಗಾದರೆ ಈಗ ಎಲ್ಲೂ ಹೊಸ ಮರಳು ಆಗುತ್ತಿಲ್ಲವಾ ಅಂದರೆ, 2024ರ ಡಿಸೆಂಬರ್ 23ರಂದು ಕಿಲಾವೆಯಾದ ಮೇಲಿನ ಬಾಯಿಯಲ್ಲಿ ಸ್ಫೋಟ ಶುರುವಾಗಿ, ಬಿಟ್ಟು ಬಿಟ್ಟು ಲಾವಾ ಕಾರಂಜಿ ಎದ್ದಿದೆ. ಆದರೆ ಆ ಲಾವಾ ಬೀಳುವುದು ಬಾಯಿಯ ಒಳಗೇ, ಸಮುದ್ರಕ್ಕೆ ಬಾರದೆ ಬೀಚ್ ಆಗುವುದಿಲ್ಲ. ಕಾರಂಜಿ ನೋಡುವ ಅದೃಷ್ಟ ಇದ್ದರೆ ಇರಲಿ, ಹೊರಡುವ ಮುಂಚೆ ಅಮೆರಿಕದ ಭೂವಿಜ್ಞಾನ ಇಲಾಖೆ ಯುಎಸ್‌ಜಿಎಸ್‌ನ ವೆಬ್‌ಸೈಟ್ ನೋಡಿಕೊಳ್ಳಿ.

ಪುನಲೂಉ ಆದ ಮೇಲೆ ನಾಆಲೆಹುನಲ್ಲಿ ಒಂದು ಹೆಸರಾದ ಬೇಕರಿ ಇದೆ. ಪೋರ್ಚುಗೀಸರು ತಂದ ಮಲಸಾದಾ ಅಲ್ಲಿ ಚೆನ್ನಾಗಿರುತ್ತದೆ, ಸಕ್ಕರೆ ಹೊರಳಿಸಿದ ಮೆತ್ತನೆಯ ಕರಿದ ತಿಂಡಿ. ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ, ತಿನ್ನದವರು ಕೇಳಿಕೊಳ್ಳಿ. ನಾವು ಮನೆಯಿಂದ ಚಪಾತಿ, ಚಟ್ನಿಪುಡಿ ಕಟ್ಟಿಕೊಂಡಿದ್ದೆವು, ಅದೇ ಕೈ ಹಿಡಿಯಿತು.

ಹತ್ತಿರದಲ್ಲೇ ಹಸಿರು ಮರಳಿನ ಪಾಪಾಕೊಲೆಯಾ ಇದೆ, ಆಲಿವಿನ್ ಹರಳಿನಿಂದ ಆದದ್ದು. ನೆರಳಿಲ್ಲದ ದಾರಿಯಲ್ಲಿ ಹೋಗಲು ನಾಲ್ಕು ಕಿಲೋಮೀಟರ್, ಬರಲು ಅಷ್ಟೇ, ಕೊನೆಗೆ ಕಡಿದಾದ ಇಳಿತ. ಮಂಡಿ ನೋವಿದ್ದರೆ ಮಕ್ಕಳನ್ನು ಕಳಿಸಿ ನೀವು ಬೇಕರಿಯಲ್ಲೇ ಕೂತಿರಿ. ವೈಪಿಯೋ ಕಣಿವೆಯ ಬೀಚ್ ಬಗ್ಗೆಯೂ ಯಾರಾದರೂ ಹೇಳುತ್ತಾರೆ. 2022ರಿಂದ ಆ ಕಡಿದಾದ ರಸ್ತೆಯಲ್ಲಿ ಪ್ರವಾಸಿಗರು ತಾವಾಗಿಯೇ ಇಳಿಯಲು ಬಿಡುತ್ತಿಲ್ಲ.

ಸನ್‌ಸ್ಕ್ರೀನ್ ಊರಿಂದ ತರುವುದಾದರೆ ಝಿಂಕ್ ಆಕ್ಸೈಡ್ ಇರುವುದು ತನ್ನಿ. ಹವಳಕ್ಕೆ ತೊಂದರೆ ಅಂತ ಆಕ್ಸಿಬೆಂಜೋನ್, ಆಕ್ಟಿನೊಕ್ಸೇಟ್ ಇರುವ ಕ್ರೀಮ್‌ಗಳನ್ನು 2021ರಿಂದ ಹವಾಯಿಯಲ್ಲಿ ಮಾರುವ ಹಾಗಿಲ್ಲ. ಡಿಸೆಂಬರ್‌ನಲ್ಲಿ ಹಿಲೋ ಕಡೆ ಮಳೆ ಜಾಸ್ತಿ, ಕೊಡೆಗಿಂತ ರೇನ್‌ಕೋಟ್ ವಾಸಿ. ಮಗಳು ಇನ್ನೂ ಹೋಟೆಲ್ ಬುಕ್ ಮಾಡಿಲ್ಲ ಅಂದರೆ ಎಲ್ಲ ರಾತ್ರಿಯನ್ನೂ ಕೋನಾದಲ್ಲೇ ಹಾಕಬೇಡ ಅನ್ನಿ. ಎರಡು ರಾತ್ರಿ ಹಿಲೋದಲ್ಲಿ ಇದ್ದರೆ ಮೇಲೆ ಹೇಳಿದ್ದೆಲ್ಲ ಅವಸರವಿಲ್ಲದೆ ಮುಗಿಯುತ್ತದೆ. ಕೋನಾದಿಂದ ದಿನಾ ಓಡಾಡಿದರೆ ಬೀಚಿಗಿಂತ ಕಾರಿನಲ್ಲಿ ಕೂತದ್ದೇ ಜಾಸ್ತಿ ಆದೀತು.