ಶಿವಮೊಗ್ಗದಿಂದ ವಿದೇಶಕ್ಕೆ ವಿಮಾನವೇ ಇಲ್ಲ, ವಿಮಾನದ ಹೊಗೆ ನಿಯಮಕ್ಕೆ ನಮ್ಮ ಅಭಿಪ್ರಾಯ ಯಾಕೆ ಬೇಕು?

ವಿಮಾನದ ಹೊಗೆಯ ಬಗ್ಗೆ ದೇಶಗಳ ನಡುವೆ ಒಂದು ಒಪ್ಪಂದ ಇದೆ. ಅದು ಸರ್ಕಾರಕ್ಕೆ ಅನ್ವಯಿಸುತ್ತದೆ, ನೇರವಾಗಿ ವಿಮಾನ ಕಂಪನಿಗೆ ಅಲ್ಲ. ಕಂಪನಿಯಿಂದ ಲೆಕ್ಕ ಕೇಳಲು, ತಪ್ಪಿದರೆ ದಂಡ ಹಾಕಲು ನಮ್ಮದೇ ಕಾನೂನು ಬೇಕು. ಅದರ ಕರಡು ಸಿದ್ಧವಾದಾಗ ಜನರ ಮಾತು ಕೇಳುತ್ತಾರೆ. ಕೇಂದ್ರದ 2014ರ ನೀತಿಯಂತೆ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು.

ಈ ಒಪ್ಪಂದದ ಹೆಸರು ಕೋರ್ಸಿಯಾ. ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆ ಐಕಾವೊದಲ್ಲಿ 2016ರಲ್ಲಿ ಒಪ್ಪಿದ್ದು. ಒಂದು ಕಿಲೋ ವಿಮಾನ ಇಂಧನ ಉರಿದರೆ ಸುಮಾರು 3.16 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಹಾಗಾಗಿ ಇಂಧನದ ಲೆಕ್ಕ ಇಟ್ಟರೆ ಹೊಗೆಯ ಲೆಕ್ಕವೂ ಸಿಕ್ಕಂತೆ. ಅಂತರರಾಷ್ಟ್ರೀಯ ಹಾರಾಟದ ಹೊಗೆ 2019ರ ಮಟ್ಟದ ಶೇ 85 ದಾಟಿದರೆ ಕಂಪನಿಗಳು ತಮ್ಮ ಪಾಲಿನ ಕಾರ್ಬನ್ ಕ್ರೆಡಿಟ್ ಕೊಳ್ಳಬೇಕು. ಅಂದರೆ, ಬೇರೆ ಕಡೆ ಅಷ್ಟು ಹೊಗೆ ತಗ್ಗಿಸಿದವರಿಗೆ ಹಣ ಕೊಡಬೇಕು. ಭಾರತಕ್ಕೆ ಇದು 2027ರಿಂದ.

ಶಿವಮೊಗ್ಗ–ಬೆಂಗಳೂರು ಹಾರಾಟ ಇದಕ್ಕೆ ಸೇರುವುದಿಲ್ಲ, ನಿಜ. ಆದರೆ ನಮ್ಮೂರಿನವರೂ ಬೆಂಗಳೂರಿನಿಂದ ದುಬೈಗೆ ಹೋಗುತ್ತಾರೆ ಅಲ್ವಾ? ಆ ಖರ್ಚು ಟಿಕೆಟ್ ಮೇಲೆ ಬೀಳಬಹುದು. ನನಗೆ ಅದಕ್ಕಿಂತ ಜಾಸ್ತಿ ಮುಖ್ಯ ಅನಿಸುವುದು ಕಾಡಿನ ವಿಷಯ. ಕಾಡು ಉಳಿಸುವ ಯೋಜನೆಗಳಿಂದಲೂ ಕ್ರೆಡಿಟ್ ಹುಟ್ಟುತ್ತದೆ. ಕಾಡಂಚಿನಲ್ಲೇ ಬದುಕುವ ಮಲೆನಾಡಿನವರು ಆ ಬಗ್ಗೆ ಮಾತಾಡಲೇಬೇಕು.

ಕರಡಿನ ಬಗ್ಗೆ ಅಭಿಪ್ರಾಯ ಬರೆಯುವಾಗ ಸುಮ್ನೆ "ಒಳ್ಳೇದು", "ಬೇಡ" ಅಂದರೆ ಉಪಯೋಗ ಕಡಿಮೆ. ದಂಡ ಎಷ್ಟಿರಬೇಕು, ಲೆಕ್ಕ ಯಾರು ಪರಿಶೀಲಿಸಬೇಕು, ವರದಿ ಜನರಿಗೆ ಸಿಗಬೇಕೇ ಎಂಬುದನ್ನು ಕರಡಿನ ನಿಯಮದ ಸಂಖ್ಯೆ ಹಾಕಿ ಬರೆಯಿರಿ.